ನಾಯಿಯ ಮುಖ ನೋಡಿ ಕಾರು ಆರಿಸಿ

ತಮ್ಮಾ, ತಂಗೀ, ಮನೆಗೆ ಕಾರು ತರುವ ವಿಚಾರ ನಡೆಸಿದ್ದೀರಿ ಎಂದು ಕೇಳಿ ಖುಷಿಯಾಯಿತು. ಉದ್ದ ನಾಲ್ಕು ಮೀಟರಿನೊಳಗೆ, ನಿಲುವು ಮಾತ್ರ ಎತ್ತರ, ಕಾಂಪ್ಯಾಕ್ಟ್ ಎಸ್‌ಯುವಿ ಎನ್ನುತ್ತಾರಲ್ಲ, ಅದೇ ಬೇಕೆಂಬ ನಿರ್ಧಾರವೂ ಆಗಿದೆಯಂತೆ. ಒಬ್ಬರಿಗೆ ಬ್ರೆಝಾ ಮೇಲೆ ಕಣ್ಣು, ಇನ್ನೊಬ್ಬರಿಗೆ ನೆಕ್ಸಾನ್ ಮೇಲೆ, ಮಕ್ಕಳಿಗೆ ಸನ್‌ರೂಫ್ ಇದ್ದರೆ ಯಾವುದಾದರೂ ನಡೆದೀತು. ಯಾವುದನ್ನು ಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ದುಡ್ಡು ನಿಮ್ಮದು, ಕಂತೂ ನಿಮ್ಮದು. ಹೇಗೆ ನೋಡಿ ಕೊಳ್ಳಬೇಕು ಎಂಬುದಕ್ಕೆ ಮಾತ್ರ ಒಂದು ಕಿವಿಮಾತು: ಟೆಸ್ಟ್ ಡ್ರೈವ್‌ಗೆ ಮನೆಮಂದಿಯೆಲ್ಲ ಹೋಗಿ. ಮನೆಯ ನಾಯಿಯನ್ನೂ ಹತ್ತಿಸಿಕೊಳ್ಳಿ.

ನಗಬೇಡಿ, ಪೂರ್ತಿ ಕೇಳಿ. ಹೊಸ ಗಾಡಿ ನೋಡಲು ಹೋದ ದಿನ ಮನೆಯಲ್ಲಿ ಯಾರೂ ನಿಜ ಹೇಳುವುದಿಲ್ಲ. ಅವ್ವ ಬಾಗಿಲಿನ ಹಿಡಿಕೆಗೆ ಜೋತುಬಿದ್ದು, ಮೊಣಕಾಲು ಒತ್ತಿಕೊಂಡು ಹತ್ತುತ್ತಾಳೆ. ಕೇಳಿದರೆ "ಛಲೋ ಐತಪಾ" ಅನ್ನುತ್ತಾಳೆ. ಅಪ್ಪ ಹಿಂದಿನ ಸೀಟಿನ ನಡುಮಧ್ಯೆ ಮುದುಡಿ ಕೂತು "ನಮಗೇನು, ಎಲ್ಲಿ ಕೂತರೂ ಅಷ್ಟ" ಎನ್ನುತ್ತಾನೆ. ಮನೆಯಾಕೆ "ನಿಮಗೆ ಹಿಡಿಸಿದರೆ ಮುಗೀತು" ಅಂದುಬಿಡುತ್ತಾಳೆ. ಯಾರದೂ ಕಪಟವಲ್ಲ. ದುಡಿಯುವ ಮಗನ ಖುಷಿಗೆ ಅಡ್ಡ ಬರಬಾರದೆಂಬ ದಾಕ್ಷಿಣ್ಯ. ಸ್ಟಿಯರಿಂಗ್ ಹಿಡಿದವನಂತೂ ಕಾರಿನಲ್ಲಿ ಎಲ್ಲರಿಗಿಂತ ಸುಖವಾಗಿರುವ ಮನುಷ್ಯ. ಅವನ ಅಭಿಪ್ರಾಯ ಎಲ್ಲರಿಗಿಂತ ಕೊನೆಗೆ ಕೇಳಬೇಕಾದದ್ದು, ನಾವು ಮೊದಲು ಕೇಳುತ್ತೇವೆ. ನಾಯಿಗೆ ದಾಕ್ಷಿಣ್ಯ ತಿಳಿಯದು. ಸೆಖೆಯಾದರೆ ನಾಲಿಗೆ ಚಾಚುತ್ತದೆ, ಸೀಟು ಜಾರಿದರೆ ಕಾಲೂರಿ ನಿಲ್ಲುತ್ತದೆ, ಹೊಟ್ಟೆ ತೊಳಸಿದರೆ ಅಲ್ಲೇ ಕಾರುತ್ತದೆ. ಅವ್ವ ಬಾಯಿಬಿಟ್ಟು ಹೇಳದ್ದನ್ನು ಅದು ಮೈಯಿಂದ ಹೇಳುತ್ತದೆ.

ನಮ್ಮ ಬೆಳಗಾವಿ ಸೀಮೆಯಲ್ಲಿ ಗಾಡಿಗೂ ನಾಯಿಗೂ ನಂಟು ಹಳೆಯದೇ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಚಕ್ಕಡಿ ಕಟ್ಟಿಕೊಂಡು ಹೊರಟರೆ ಮನೆ ನಾಯಿ ಅಚ್ಚಿನ ಕೆಳಗೆ ನೆರಳು ಹಿಡಿದು ನಡೆಯುತ್ತಿತ್ತು. ಗಾಡಿ ಕೆಳಗಿನ ನಾಯಿ ತಾನೇ ಗಾಡಿ ಎಳೆಯುತ್ತೇನೆ ಎಂದುಕೊಂಡಿತ್ತಂತೆ ಅನ್ನುವ ಗಾದೆ ಹುಟ್ಟಿದ್ದೇ ಹಾಗೆ. ಆ ನಾಯಿಗೆ ದಣಿವಾದರೆ ನಿಲ್ಲುವ, ನೀರು ಕಂಡರೆ ತಿರುಗುವ ಸ್ವಾತಂತ್ರ್ಯ ಇತ್ತು. ಈಗ ಅದನ್ನು ಗಾಜು ಏರಿಸಿದ ಪೆಟ್ಟಿಗೆಯೊಳಗೆ ಕೂರಿಸುತ್ತಿದ್ದೀರಿ. ಹಾಗಿದ್ದಮೇಲೆ ಅದರ ಸುಖದುಃಖದ ಲೆಕ್ಕ ನಿಮ್ಮ ತಲೆಯ ಮೇಲೆ ಬಂತು.

ಮೊದಲು ಗಾಡಿಯ ಜಾತಕ ತಿಳಿದುಕೊಳ್ಳಿ. ಇವು ನಾಲ್ಕು ಮೀಟರಿನೊಳಗೆ ನಿಂತಿರುವುದು ಅಂದಕ್ಕಲ್ಲ, ತೆರಿಗೆಗಾಗಿ. ಉದ್ದ 4,000 ಮಿಲಿಮೀಟರ್ ಮೀರಬಾರದು, ಪೆಟ್ರೋಲ್ ಎಂಜಿನ್ 1,200 ಸಿಸಿ, ಡೀಸೆಲ್ ಆದರೆ 1,500 ಸಿಸಿ ದಾಟಬಾರದು. ಆಗ ಸರಕಾರ ಅದನ್ನು ಸಣ್ಣ ಕಾರು ಎಂದು ಎಣಿಸುತ್ತದೆ. 2025ರ ಸೆಪ್ಟೆಂಬರ್ 22ರಿಂದ ಇಂಥವಕ್ಕೆ ಜಿಎಸ್‌ಟಿ ಶೇ. 18, ಗೆರೆ ದಾಟಿದವಕ್ಕೆ ಶೇ. 40. ಗೆರೆಯೊಳಗೆ ಗಾಡಿಯನ್ನು ಕೂರಿಸಬೇಕೆಂದರೆ ಎಲ್ಲೋ ಕತ್ತರಿ ಆಡಿಸಲೇಬೇಕು. ಎಂಜಿನ್‌ಗೆ ಇಷ್ಟೇ ಜಾಗ ಸಾಕು ಎನ್ನಲಾಗುವುದಿಲ್ಲ, ಮನುಷ್ಯರ ಕಾಲನ್ನೂ ಕತ್ತರಿಸಲಾಗುವುದಿಲ್ಲ. ಉಳಿದದ್ದು ಹಿಂದಿನ ಡಿಕ್ಕಿ. ನೀವು ನಾಯಿಗೆಂದು ಮನಸ್ಸಿನಲ್ಲೇ ಕಾದಿರಿಸಿದ ಜಾಗವೂ ಅದೇ.

ಅದಕ್ಕೇ ಹೇಳುವುದು, ಕಾಗದದ ಮೇಲಿನ ಲೀಟರ್ ಲೆಕ್ಕ ನಂಬಿ ಬರಬೇಡಿ. ಡಿಕ್ಕಿ ಮುನ್ನೂರೈವತ್ತು ಲೀಟರ್ ಎಂದರೆ ಅದು ನೀರು ತುಂಬುವ ಹಂಡೆಯ ಅಳತೆ, ನಾಯಿ ನೀರಲ್ಲ. ಅದಕ್ಕೆ ಬೇಕಾದದ್ದು ನೆಲದ ಉದ್ದ, ತಲೆಯ ಮೇಲೆ ಎತ್ತರ, ಗಾಳಿ ಆಡುವ ದಾರಿ. ಮನೆಯಲ್ಲೇ ನಾಯಿ ಕಾಲು ಚಾಚಿ ಮಲಗಿದಾಗ ಮೂಗಿನಿಂದ ಬಾಲದ ಬುಡದವರೆಗೆ, ನಿಂತಾಗ ನೆಲದಿಂದ ತಲೆಯವರೆಗೆ ಟೇಪ್ ಹಿಡಿದು ಬರೆದಿಟ್ಟುಕೊಳ್ಳಿ. ಆ ಟೇಪನ್ನೇ ಶೋರೂಮಿಗೆ ಒಯ್ಯಿರಿ. ಡಿಕ್ಕಿಯ ಮೇಲಿನ ಹಲಗೆ ತೆಗೆಯಲು ಬರುತ್ತದೆಯೇ, ಹಿಂದಿನ ಸೀಟು 60:40 ಆಗಿ ಅರ್ಧ ಮಾತ್ರ ಮಡಚುತ್ತದೆಯೇ, ಅದು ನೀವು ಕೊಳ್ಳುವ ಕೆಳಗಿನ ಮಾದರಿಯಲ್ಲೂ ಇದೆಯೇ, ಮಡಚಿದ ಮೇಲೆ ನೆಲ ಮಟ್ಟಸವಾಗುತ್ತದೆಯೋ ಮೆಟ್ಟಿಲಿನಂತೆ ನಿಲ್ಲುತ್ತದೆಯೋ, ಕಣ್ಣಿಂದ ನೋಡಿ. ಸಿಎನ್‌ಜಿ ಮಾದರಿಯ ಆಸೆ ಇದ್ದರೆ ಡಿಕ್ಕಿ ತೆರೆದು ಸಿಲಿಂಡರ್ ಎಷ್ಟು ಜಾಗ ತಿಂದಿದೆ ನೋಡಿದ ಮೇಲೆಯೇ ಬೆಲೆಯ ಮಾತು. ಊರಿಗೆ ಹತ್ತಿರ ಸಿಎನ್‌ಜಿ ಬಂಕ್ ಇದೆಯೋ ಇಲ್ಲವೋ ಎಂಬುದು ಅದಕ್ಕಿಂತ ಮೊದಲಿನ ಮಾತು. ಇನ್ನೊಂದು ಮರೆಯಬೇಡಿ: ಊರಿಂದ ಪುಣೆಗೋ ಬೆಂಗಳೂರಿಗೋ ಹೊರಟಾಗ ನಮ್ಮ ಮನೆಗಳಲ್ಲಿ ಜೋಳದ ಚೀಲ, ಶೇಂಗಾ ಚೀಲ, ರೊಟ್ಟಿ ಗಂಟು ಹೇರದೆ ಬಿಡುವುದಿಲ್ಲ. ನಾಯಿ ಡಿಕ್ಕಿಯಲ್ಲಿ ಎಂದು ತೀರ್ಮಾನಿಸಿದವರು ಆ ಚೀಲ ಎಲ್ಲಿ ಎಂಬುದನ್ನೂ ತೀರ್ಮಾನಿಸಿ.

ಇಲ್ಲಿ ಮುಧೋಳ ನಾಯಿ ಸಾಕಿದವರಿಗೆ ಬೇರೆಯೇ ಮಾತು ಹೇಳಬೇಕು. ರಾಮದುರ್ಗ ತಾಲ್ಲೂಕಿನ ಗಡಿ ದಾಟಿದರೆ ಲೋಕಾಪುರ, ಅದರಾಚೆ ಮುಧೋಳ. ಈ ಭಾಗದ ಹೊಲಮನೆಗಳಲ್ಲಿ ಆ ತಳಿ ಅಪರೂಪವೇನಲ್ಲ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ನಾಯಿ ಅದು, ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೇ ಅದಕ್ಕಾಗಿ ಇದೆ. ತೂಕ ಕಡಿಮೆ, 20ರಿಂದ 28 ಕಿಲೋ ಒಳಗೆ. ಆದರೆ ಗಂಡುನಾಯಿ ಭುಜದ ಮಟ್ಟಕ್ಕೇ ಸುಮಾರು 70 ಸೆಂಟಿಮೀಟರ್ ನಿಲ್ಲುತ್ತದೆ. ತೂಕ ಕೇಳಿ ಸಣ್ಣ ನಾಯಿ ಎಂದು ಸೇಲ್ಸ್ ಹುಡುಗ ತಲೆಯಾಡಿಸಬಹುದು. ಡಿಕ್ಕಿಯಲ್ಲಿ ನಿಲ್ಲಿಸಿದಾಗ ಅದರ ತಲೆ ಚಾವಣಿಗೆ ತಾಗುತ್ತದೆ. ಅದು ಕಣ್ಣಿಂದ ಬೇಟೆಯಾಡುವ ತಳಿ. ಓಡುವುದು ಏನೇ ಕಂಡರೂ, ಮೊಲವೋ ಕುರಿಯೋ ಬೈಕೋ, ಮೈಯೆಲ್ಲ ಬಾಣವಾಗುತ್ತದೆ. ಅಂಥ ನಾಯಿ ಇದ್ದ ಕಾರಿನಲ್ಲಿ ಹಿಂದಿನ ಗಾಜು ಪೂರ್ತಿ ಇಳಿಸುವಂತಿಲ್ಲ. ಚಾಲಕನ ಬಾಗಿಲಲ್ಲೇ ಹಿಂದಿನ ಗಾಜುಗಳ ಲಾಕ್ ಗುಂಡಿ ಇರುತ್ತದೆ, ಅದು ಕೆಲಸ ಮಾಡುತ್ತದೆಯೇ ಒತ್ತಿ ನೋಡಿ; ಪಂಜ ತಾಗಿಯೇ ಗಾಜು ಇಳಿದದ್ದುಂಟು. ಅದರ ತೊಗಲು ತೆಳು, ಕೂದಲು ಗಿಡ್ಡ. ಎಸಿ ಗಾಳಿ ನೇರ ಮೈಮೇಲೆ ಬಿದ್ದರೆ ನಡುಗುತ್ತದೆ. ಲ್ಯಾಬ್ರಡಾರ್ ಸಾಕಿದವರಿಗೆ ಇದರ ತದ್ವಿರುದ್ಧ: ಅದಕ್ಕೆ ಹಿಂದಿನ ಎಸಿ ಕಿಂಡಿ ಇಲ್ಲದ ಗಾಡಿ ಬೇಸಿಗೆಯಲ್ಲಿ ಒಲೆಯೇ ಸರಿ. ಬೀದಿಯಿಂದ ತಂದು ಸಾಕಿದ ನಾಡನಾಯಿಯಾದರೆ ಎಲ್ಲದಕ್ಕೂ ಹೊಂದಿಕೊಳ್ಳುತ್ತದೆ, ಆದರೆ ಮುಚ್ಚಿದ ಜಾಗದ ಅಂಜಿಕೆ ಅದಕ್ಕೆ ಇರಬಹುದು.

ಶೋರೂಮಿಗೆ ನಾಯಿ ಜೊತೆ ಏಕಾಏಕಿ ಹೋಗಿ ನಿಲ್ಲಬೇಡಿ. ಬೆಳಗಾವಿಯಾಗಲಿ ಹುಬ್ಬಳ್ಳಿ-ಧಾರವಾಡವಾಗಲಿ, ಹಿಂದಿನ ದಿನ ಫೋನ್ ಮಾಡಿ, ನಾಯಿ ಇದೆ, ಸೀಟಿನ ಮೇಲೆ ನಮ್ಮದೇ ದುಪ್ಪಟಿ ಹಾಸುತ್ತೇವೆ, ಬೆಲ್ಟ್ ಹಾಕುತ್ತೇವೆ, ಒಪ್ಪಿಗೆಯೇ ಎಂದು ಕೇಳಿ. ಆ ಗಾಡಿಯಲ್ಲಿ ನಿಮ್ಮ ನಂತರ ಇನ್ನೊಬ್ಬರು ಕೂರುವವರು, ಅವರ ಮಗುವಿಗೆ ನಾಯಿಕೂದಲು ಆಗದೇ ಇರಬಹುದು. ಬೇಡ ಎಂದರೆ ಜಗಳ ಬೇಡ. ನಿಂತ ಗಾಡಿಯಲ್ಲಾದರೂ ನಾಯಿಯನ್ನು ಹತ್ತಿಸಿ ಇಳಿಸಿ ನೋಡಲು ಕೇಳಿ. ಅದಕ್ಕೂ ಒಲ್ಲೆ ಎಂದರೆ ಅದೇ ಗಾಡಿ ಇರುವ ನೆಂಟರನ್ನು ಹುಡುಕಿ. ನಮ್ಮ ಕಡೆ ಯಾವ ಗಾಡಿಗೂ ಒಬ್ಬ ನೆಂಟ ಇದ್ದೇ ಇರುತ್ತಾನೆ. ಟೆಸ್ಟ್ ಗಾಡಿಗೆ ವಿಮೆ ಇದೆಯೇ, ಗೀಚು ಬಿದ್ದರೆ ಯಾರ ಹೊಣೆ ಎಂಬುದನ್ನು ಕೀಲಿ ಕೈಗೆ ತಗೊಳ್ಳುವ ಮೊದಲೇ ಕೇಳಿ, ಲೈಸೆನ್ಸ್ ಜೇಬಿನಲ್ಲಿರಲಿ.

ನಾಯಿಯನ್ನೂ ಅಣಿಮಾಡಬೇಕು. ಹುಟ್ಟಿದಾಗಿನಿಂದ ಕಾರು ಹತ್ತದ ನಾಯಿಯನ್ನು ಅಂದೇ ಹತ್ತಿಸಿದರೆ ಅದು ಹೇಳುವುದು ತನ್ನ ಅಂಜಿಕೆಯ ಸುದ್ದಿ, ಗಾಡಿಯ ಸುದ್ದಿಯಲ್ಲ. ವಾರ ಮುಂಚಿನಿಂದ ಯಾರದಾದರೂ ನಿಂತ ಕಾರಿನಲ್ಲಿ ಕೂರಿಸಿ, ತಿಂಡಿ ಕೊಟ್ಟು ಇಳಿಸಿ. ಆಮೇಲೆ ಓಣಿ ಸುತ್ತಿ ಬನ್ನಿ. ಟೆಸ್ಟ್ ಡ್ರೈವ್ ದಿನ ಹೊರಡುವ ಮೂರು-ನಾಲ್ಕು ತಾಸು ಮೊದಲೇ ಊಟ ಮುಗಿದಿರಲಿ, ನೀರು ಮಾತ್ರ ಕೊಡುತ್ತಿರಿ. ವಾಂತಿ ಮಾಡುವ ಅಭ್ಯಾಸ ಇದ್ದರೆ ಪಶುವೈದ್ಯರನ್ನು ಕೇಳಿ. ಮನುಷ್ಯರ ಮಾತ್ರೆ ಅರ್ಧ ಮಾಡಿ ಹಾಕುವ ಜಾಣತನ ಬೇಡ.

ಸವಾರಿ ಎರಡು ಸಲ ಮಾಡಿ. ಮೊದಲನೆಯದು ಓಡಿಸುವವರಿಗೆ ಮಾತ್ರ. ಕ್ಲಚ್, ಬ್ರೇಕ್, ಹಿಂದಿನ ಗಾಜಿನಿಂದ ಕಾಣುವಿಕೆ, ಕಂಬದ ಮರೆಯ ಕುರುಡು ಜಾಗ ಎಲ್ಲ ಆಗಲೇ ನೋಡಿ ಮುಗಿಸಿ. ಮನೆಯಲ್ಲಿ ಇಬ್ಬರು ಓಡಿಸುವವರಿದ್ದರೆ ಇಬ್ಬರೂ ಓಡಿಸಿ. ಆರಡಿಯ ಗಂಡನಿಗೆ ಹೊಂದಿದ ಸೀಟಿನಿಂದ ಐದಡಿಯ ಹೆಂಡತಿಗೆ ಬಾನೆಟ್ ಕಾಣಿಸದಿರಬಹುದು. ಎರಡನೆಯದು ತುಂಬಿದ ಗಾಡಿ: ಅವ್ವ, ಅಪ್ಪ, ಮಕ್ಕಳು, ನಾಯಿ. ಒಬ್ಬನೇ ಕೂತಾಗ ಚಿಗರಿಯಂತೆ ನೆಗೆದ 1,200 ಸಿಸಿ ಎಂಜಿನ್, ಮುನ್ನೂರೈವತ್ತು ಕಿಲೋ ಹೊತ್ತು ಎಸಿ ಹಾಕಿದಾಗ ಏನು ಮಾಡುತ್ತದೆ ಎಂಬುದೇ ನಿಮ್ಮ ನಿಜವಾದ ಪ್ರಶ್ನೆ.

ಇನ್ನು ಬೆಲ್ಟಿನ ಮಾತು. ನಮ್ಮಲ್ಲಿ ಮುಂದಿನವರು ಪೊಲೀಸರಿಗೆ ಹೆದರಿ ಹಾಕುತ್ತಾರೆ, ಹಿಂದಿನವರು ಯಾರಿಗೂ ಹೆದರುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಪಾಲ್ಘರ್ ಹತ್ತಿರ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡದ್ದು ದೊಡ್ಡ ಕಾರಿನ ಹಿಂದಿನ ಸೀಟಿನಲ್ಲೇ, ಬೆಲ್ಟ್ ಇಲ್ಲದೆ. ಹಿಂದಿನವರಿಗೂ ಬೆಲ್ಟ್ ಕಡ್ಡಾಯ. ಮೋಟಾರು ವಾಹನ ಕಾಯ್ದೆಯ 194ಬಿ ಪ್ರಕಾರ ಹಾಕದಿದ್ದರೆ ಸಾವಿರ ರೂಪಾಯಿ ದಂಡ, ಹದಿನಾಲ್ಕರೊಳಗಿನ ಮಕ್ಕಳಿಗೂ ಬೆಲ್ಟೋ ಮಕ್ಕಳ ಸೀಟೋ ಇರಲೇಬೇಕು. ನಾಯಿಯ ಬೆಲ್ಟನ್ನು ಯಾವ ಪೊಲೀಸರೂ ಕೇಳಲಿಕ್ಕಿಲ್ಲ, ಆದರೆ ಲೆಕ್ಕ ಅದಕ್ಕೂ ಒಂದೇ. ತಾಸಿಗೆ 50 ಕಿಲೋಮೀಟರ್ ವೇಗದಲ್ಲಿ ಗಾಡಿ ಎದುರಿನದಕ್ಕೆ ಗುದ್ದಿದರೆ, ಕಟ್ಟದ ನಾಯಿಗೆ ಬೀಳುವ ಪೆಟ್ಟು ಹತ್ತು ಮೀಟರ್ ಎತ್ತರದಿಂದ, ಅಂದರೆ ಮೂರಂತಸ್ತಿನ ಮನೆಯ ಮೇಲಿಂದ ಬಿದ್ದಷ್ಟು. ಇಪ್ಪತ್ತೈದು ಕಿಲೋ ನಾಯಿ ಹಾಗೆ ಹಾರಿ ಬಂದು ತಗಲುವುದು ಮುಂದೆ ಕೂತ ನಿಮ್ಮ ಕುತ್ತಿಗೆಗೆ. ಕೊರಳಪಟ್ಟಿಗೆ ಕಟ್ಟಿದರೆ ಅದರ ಕುತ್ತಿಗೆ ಮುರಿಯುತ್ತದೆ. ಎದೆಯನ್ನು ಬಳಸಿ ಬರುವ ಹಾರ್ನೆಸ್ ಹಾಕಿ, ಸೀಟ್ ಬೆಲ್ಟಿನ ಕೊಂಡಿಗೆ ಸಿಗಿಸುವ ಗಿಡ್ಡ ಪಟ್ಟಿ ಕೊಳ್ಳಿ. ಆ ಕೊಂಡಿ ನೀವು ನೋಡುತ್ತಿರುವ ಗಾಡಿಯ ಹಿಂದಿನ ಸೀಟಿನಲ್ಲಿ ಮೇಲೆ ನಿಂತಿದೆಯೋ ಕುಶನ್ನಿನೊಳಗೆ ಹುದುಗಿದೆಯೋ ಅಲ್ಲೇ ಸಿಗಿಸಿ ನೋಡಿ. ಮುಂದಿನ ಸೀಟಿನಲ್ಲಿ ನಾಯಿಯೂ ಬೇಡ, ತೊಡೆಯ ಮೇಲೆ ಕೂಸೂ ಬೇಡ. ಏರ್‌ಬ್ಯಾಗ್ ದೊಡ್ಡವರ ಎದೆಯ ಅಳತೆಗೆ ಮಾಡಿದ್ದು, ಅದು ಬಿಚ್ಚಿಕೊಳ್ಳುವ ರಭಸಕ್ಕೆ ಕೂಸಿನ ಕೊರಳೂ ನಾಯಿಯ ಮೂತಿಯೂ ತಡೆಯಲಾರವು. ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರಿನಿಂದ ನಮ್ಮಲ್ಲೂ ಗಾಡಿಗಳನ್ನು ಗುದ್ದಿಸಿ ನೋಡಿ ಸುರಕ್ಷತೆಯ ನಕ್ಷತ್ರ ಕೊಡುತ್ತಿದೆ, ನೋಡಿಕೊಳ್ಳಿ. ಆದರೆ ಆ ನಕ್ಷತ್ರಗಳೆಲ್ಲ ಬೆಲ್ಟ್ ಹಾಕಿ ಕೂರಿಸಿದ ಬೊಂಬೆಗಳಿಗೆ ಬಂದವು.

ಈಗ ದಾರಿಯ ಮಾತಿಗೆ ಬರೋಣ. ಶೋರೂಮಿನ ಹುಡುಗ ತನ್ನ ಅಂಗಡಿ ಮುಂದಿನ ನುಣುಪು ಡಾಂಬರಿನ ಮೇಲೆ ಒಂದು ಸುತ್ತು ಹಾಕಿಸಿ "ಹೆಂಗೈತಿ ಸರ್" ಎಂದು ಕೇಳುತ್ತಾನೆ. ಆ ರಸ್ತೆಯಲ್ಲಿ ಎಲ್ಲ ಗಾಡಿಗಳೂ ಚೆನ್ನ. ಗಾಡಿಯನ್ನು ಊರಿಗೆ ತರಿಸಿ. ಕೊಳ್ಳುವ ಮನಸ್ಸು ಖಚಿತವೆಂದು ಕಂಡರೆ ಮನೆ ಬಾಗಿಲಿಗೇ ಕಳಿಸುವವರಿದ್ದಾರೆ. ನಮ್ಮ ಸೀಮೆಯ ನಾಲ್ಕು ಊರುಗಳಲ್ಲಿ ನಾಲ್ಕು ಬಗೆಯ ಪರೀಕ್ಷೆ ಬಿಟ್ಟಿಯಾಗಿ ಸಿಗುತ್ತದೆ.

ಕಿತ್ತೂರಿನವರಿಗೆ ಹೆದ್ದಾರಿ. ಬೆಳಗಾವಿಗೆ ಸುಮಾರು 50, ಧಾರವಾಡಕ್ಕೆ ಸುಮಾರು 30 ಕಿಲೋಮೀಟರ್, ನಡುವೆ ರಾಷ್ಟ್ರೀಯ ಹೆದ್ದಾರಿ 48. 1824ರ ಅಕ್ಟೋಬರ್ 23ರಂದು ಬ್ರಿಟಿಷ್ ಅಧಿಕಾರಿ ಥ್ಯಾಕರೆಯ ದಂಡು ಸೋತ ಊರಿನ ಪಕ್ಕದಲ್ಲೇ ಈಗ ಹಗಲೂರಾತ್ರಿ ಲಾರಿಗಳ ದಂಡು. ಅಲ್ಲಿ ನೋಡಬೇಕಾದದ್ದು ಮೂರು: 80ರಿಂದ 100ಕ್ಕೆ ಏರುವಾಗ ತುಂಬಿದ ಗಾಡಿ ಎಷ್ಟು ತಡ ಮಾಡುತ್ತದೆ, ದೊಡ್ಡ ಲಾರಿ ಪಕ್ಕಕ್ಕೆ ಬಂದಾಗ ಎತ್ತರದ ಮೈ ಎಷ್ಟು ತೂಗುತ್ತದೆ, ಹಿಂದೆ ಕೂತವರಿಗೆ ಮುಂದಿನವರ ಮಾತು ಕೇಳಿಸುತ್ತದೆಯೇ. ನಾಯಿಯ ಕಿವಿ ನಮ್ಮದಕ್ಕಿಂತ ಬಹಳ ಚುರುಕು. ಟೈರಿನ ಗುಂಯ್ ಸದ್ದು ನಮಗೆ ಕಿರಿಕಿರಿಯಾದರೆ ಅದಕ್ಕೆ ಹಿಂಸೆ. ನಾಯಿ ಕಿಟಕಿಯಿಂದ ತಲೆ ಹಾಕಿ ಗಾಳಿ ತಗೊಳ್ಳುವುದು ಫೋಟೋಗೆ ಚಂದ, ಹೆದ್ದಾರಿಯಲ್ಲಿ ಒಂದು ಸಣ್ಣ ಹರಳು ಸಾಕು ಕಣ್ಣು ಹೋಗಲು. ಸನ್‌ರೂಫಿನಿಂದ ತಲೆ ಹಾಕುವ ಮಕ್ಕಳಿಗೂ ಅದೇ ಮಾತು.

ಬೈಲಹೊಂಗಲದವರಿಗೆ ಪೇಟೆ. ಹತ್ತಿಯ ಸುಗ್ಗಿಯಲ್ಲಿ ಮಾರುಕಟ್ಟೆಯ ದಾರಿ, ಅತ್ತ ಕಿತ್ತೂರು ರಾಣಿ ಚೆನ್ನಮ್ಮನ ಸಮಾಧಿಯ ಕಡೆಯ ಓಣಿಗಳು, ಟ್ರ್ಯಾಕ್ಟರ್, ಎತ್ತಿನ ಗಾಡಿ, ಶಾಲೆಯ ಮಕ್ಕಳು. ನಿಲ್ಲು, ಹೊರಡು, ಮತ್ತೆ ನಿಲ್ಲು. ಹೊಟ್ಟೆ ತೊಳಸುವುದು ಇಲ್ಲೇ, ಹೆದ್ದಾರಿಯಲ್ಲಲ್ಲ. ಆಟೋಮ್ಯಾಟಿಕ್ ನೋಡುತ್ತಿದ್ದರೆ ಇದೇ ಜಾಗದಲ್ಲಿ ಅದರ ಗುಣ ತಿಳಿಯುತ್ತದೆ: ಅಗ್ಗದ ಎಎಂಟಿ ಗೇರ್ ಬದಲಿಸುವಾಗ ತಲೆದೂಗಿಸುತ್ತದೆ, ಹಿಂದಿನವರೆಲ್ಲ ಒಟ್ಟಿಗೆ ಹೂಂ ಹೂಂ ಎಂದಂತೆ ಕಾಣುತ್ತದೆ. ನಾಯಿ ತುಟಿ ನೆಕ್ಕತೊಡಗಿದರೆ, ಮೇಲಿಂದ ಮೇಲೆ ಆಕಳಿಸಿದರೆ, ಜೊಲ್ಲು ಸುರಿಸಿದರೆ ಗಾಡಿಯ ನಡಿಗೆ ಅದಕ್ಕೆ ಹಿಡಿಸಿಲ್ಲ ಎಂದು ಅರ್ಥ. ಆಗ ಪಕ್ಕದಲ್ಲಿ ಕೂತ ಅವ್ವನ ಮುಖ ನೋಡಿ. ಅವಳೂ ಸೆರಗಿನಿಂದ ಬಾಯಿ ಮುಚ್ಚಿಕೊಂಡಿರುತ್ತಾಳೆ.

ಸವದತ್ತಿಯವರಿಗೆ ಗುಡ್ಡ. ಊರಿಂದ ಎಲ್ಲಮ್ಮನ ಗುಡ್ಡದ ಏರಿಗೆ ತುಂಬಿದ ಗಾಡಿಯನ್ನು ಎಸಿ ಹಾಕಿಯೇ ಹತ್ತಿಸಿ. ಏರಿನ ನಡುವೆ ನಿಲ್ಲಿಸಿ ಮತ್ತೆ ಎಬ್ಬಿಸಿ. ಹಿಂದಕ್ಕೆ ಸರಿಯದಂತೆ ಹಿಡಿಯುವ ಹಿಲ್ ಹೋಲ್ಡ್ ಇದೆಯೇ, ಕ್ಲಚ್ಚಿನಿಂದ ಸುಟ್ಟ ವಾಸನೆ ಬರುತ್ತದೆಯೇ, ಗೇರ್ ಎರಡಕ್ಕೂ ಒಂದಕ್ಕೂ ಪರದಾಡುತ್ತದೆಯೇ. ಡ್ಯುಯಲ್ ಕ್ಲಚ್ ಗೇರಿನ ಗಾಡಿಗಳು ಬಯಲಲ್ಲಿ ಬೆಣ್ಣೆಯಂತೆ ಓಡಿದರೂ ಏರಿನಲ್ಲಿ ಇಂಚಿಂಚು ತೆವಳುವಾಗ ಬಿಸಿಯಾಗಬಲ್ಲವು. ಜಾತ್ರೆಯ ದಿನ ನಿಮ್ಮ ಗಾಡಿ ಮಾಡಬೇಕಾದದ್ದು ಆ ತೆವಳಾಟವನ್ನೇ. ಪರೀಕ್ಷೆಗೆ ಜಾತ್ರೆ ಇಲ್ಲದ ದಿನ ಆರಿಸಿ, ಹುಣ್ಣಿಮೆಯ ಜನಜಂಗುಳಿಗೆ ನಾಯಿಯನ್ನು ಎಂದೂ ಒಯ್ಯಬೇಡಿ. ಇಳಿಯುವಾಗ ಬ್ರೇಕ್ ಒತ್ತಿಹಿಡಿದು ಬರುವ ಬದಲು ಗೇರ್ ಇಳಿಸಿ ಬನ್ನಿ, ನಾಯಿ ಮುಂದಕ್ಕೆ ಜಾರುತ್ತದೆಯೇ ನೋಡಿ. ನುಣುಪು ಚರ್ಮದಂಥ ಸೀಟಿನ ಮೇಲೆ ನಾಯಿಗೆ ಕಾಲು ನಿಲ್ಲುವುದಿಲ್ಲ. ಬಟ್ಟೆಯ ಸೀಟೇ ಅದಕ್ಕೂ, ನಮ್ಮ ಬಿಸಿಲಿಗೂ ಹಿತ.

ರಾಮದುರ್ಗದವರಿಗೆ ಎರಿಮಣ್ಣು. ಕರಿ ಎರಿ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದರ ಮೇಲೆ ಹಾಕಿದ ರಸ್ತೆಯೂ ವರ್ಷದೊಳಗೆ ಅಲೆಅಲೆಯಾಗುತ್ತದೆ. ಗುಂಡಿಯನ್ನಾದರೂ ತಪ್ಪಿಸಬಹುದು, ಈ ಅಲೆಯನ್ನು ತಪ್ಪಿಸಲಾಗದು. ಎತ್ತರದ ಗಾಡಿ ಇಂಥಲ್ಲಿ ಎಡಕ್ಕೂ ಬಲಕ್ಕೂ ವಾಲುತ್ತದೆ. ನಾವು ಹಿಡಿಕೆ ಹಿಡಿಯುತ್ತೇವೆ, ನಾಯಿ ಏನು ಹಿಡಿದೀತು? ಕಟಕೋಳದ ಕಡೆಗೋ ಸುರೇಬಾನದ ಕಡೆಗೋ ನಿಮ್ಮ ಹೊಲದ ದಾರಿಯಲ್ಲೇ ಓಡಿಸಿ. ಒಂದು ಮಾತು ತಲೆಯಲ್ಲಿರಲಿ: ನೋಡಲು ಎತ್ತರವಿದ್ದರೂ ಈ ಗಾತ್ರದ ಗಾಡಿಗಳಲ್ಲಿ ಹೆಚ್ಚಿನವು ಮುಂದಿನ ಎರಡೇ ಚಕ್ರದಿಂದ ಎಳೆಯುವಂಥವು. ನೆಲದಿಂದ 200 ಮಿಲಿಮೀಟರ್ ಎತ್ತರ ಇದ್ದರೆ ಕಲ್ಲು ತಾಗುವುದಿಲ್ಲ. ಹಸಿ ಎರಿ ಚಕ್ರಕ್ಕೆ ಮೆತ್ತಿಕೊಂಡ ಮೇಲೆ ಆ ಎತ್ತರದಿಂದ ಏನೂ ಉಪಯೋಗವಿಲ್ಲ. ಮಲಪ್ರಭಾ ಹೊಳೆಯ ವಿಷಯದಲ್ಲಂತೂ ಧೈರ್ಯ ಮಾಡಲೇಬೇಡಿ. 2019ರ ಆಗಸ್ಟಿನಲ್ಲಿ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟಾಗ ರಾಮದುರ್ಗದ ಹೊಳೆದಂಡೆ ಏನಾಯಿತೆಂದು ಕಂಡವರು ನೀವೇ. ಸೇತುವೆಯ ಮೇಲೆ ನೀರು ಹರಿಯುವಾಗ ಎಸ್‌ಯುವಿ ಎಂಬ ಹೆಸರು ಯಾರನ್ನೂ ದಾಟಿಸುವುದಿಲ್ಲ.

ಒಂದು ಸಂಜೆಯ ಸವಾರಿಯನ್ನೂ ಕೇಳಿ ಪಡೆಯಿರಿ. ಕಬ್ಬಿನ ಹಂಗಾಮು ಶುರುವಾದರೆ ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಕ್ಕರೆ ಕಾರ್ಖಾನೆಯಂಥ ಕಡೆ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಹಿಂದೆ ದೀಪವಿಲ್ಲದೆ ಕತ್ತಲಲ್ಲಿ ಸಾಲುಗಟ್ಟುತ್ತವೆ. ಹೆಡ್‌ಲೈಟ್ ಎಷ್ಟು ದೂರ ಬೀಳುತ್ತದೆ, ತುಂಬಿದ ಗಾಡಿಯ ಹಿಂಭಾಗ ಕುಸಿದು ಬೆಳಕು ಮರದ ತುದಿಗೆ ಹೋಗುತ್ತದೆಯೇ, ಅದನ್ನು ತಗ್ಗಿಸುವ ಗುಂಡಿ ಎಲ್ಲಿದೆ ಎಂಬುದು ಹಗಲಲ್ಲಿ ತಿಳಿಯುವುದಿಲ್ಲ.

ಸೆಖೆಯ ಪರೀಕ್ಷೆಯನ್ನು ಮಾತ್ರ ನಾಯಿ ಇಲ್ಲದೆ ಮಾಡಿ. ಏಪ್ರಿಲ್ ಮಧ್ಯಾಹ್ನ ಬಿಸಿಲಲ್ಲಿ ನಿಂತ ಗಾಡಿಯನ್ನು ಎಬ್ಬಿಸಿ, ಹಿಂದಿನ ಸೀಟು ತಂಪಾಗಲು ಎಷ್ಟು ಹೊತ್ತು ಬೇಕು ಎಂದು ನೀವೇ ಅಲ್ಲಿ ಕೂತು ನೋಡಿ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರೇ ಅದರ ಬೀಸಣಿಕೆ, ಒಳಗಿನ ಗಾಳಿಯೇ ಬಿಸಿಯಾದರೆ ಆ ಬೀಸಣಿಕೆಯೂ ಬಿಸಿಗಾಳಿಯನ್ನೇ ಬೀಸುತ್ತದೆ. ಗಾಜು ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಹತ್ತೇ ನಿಮಿಷಕ್ಕೆ ಹತ್ತು ಡಿಗ್ರಿ ಏರುತ್ತದೆ; ಗಾಜು ಎರಡು ಬೆರಳು ಇಳಿಸಿಟ್ಟರೂ ಹೆಚ್ಚೇನೂ ತಗ್ಗದು. "ಸಹಿ ಮಾಡಿ ಬರ್ತೀವಿ, ಐದೇ ನಿಮಿಷ" ಎಂದು ನಾಯಿಯನ್ನಾಗಲಿ ಕೂಸನ್ನಾಗಲಿ ಒಳಗೆ ಬಿಟ್ಟು ಶೋರೂಮಿನೊಳಗೆ ಹೋಗಬೇಡಿ. ಆ ಐದು ನಿಮಿಷ ಎಂದೂ ಐದೇ ಆಗಿರುವುದಿಲ್ಲ.

ಎಂಜಿನ್ ಯಾವುದೆಂದು ಕೇಳಿದರೆ ನಿಮ್ಮ ದಿನಚರಿಯನ್ನು ಕೇಳಿ ಎನ್ನುತ್ತೇನೆ. ಹೊಲಕ್ಕೆ, ಪೇಟೆಗೆ, ಶಾಲೆಗೆ ಎಂದು ದಿನಕ್ಕೆ ನಾಲ್ಕೈದು ಕಿಲೋಮೀಟರ್ ಓಡಾಡುವವರಿಗೆ ಡೀಸೆಲ್ ಬೇಡ. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಜರಡಿ ಇದೆ. ಅದು ತನ್ನನ್ನು ತಾನೇ ಸುಟ್ಟು ಶುದ್ಧವಾಗಲು ಆಗಾಗ ಹೆದ್ದಾರಿಯ ದೀರ್ಘ ಓಟ ಬೇಕು, ಇಲ್ಲದಿದ್ದರೆ ಕಟ್ಟಿಕೊಳ್ಳುತ್ತದೆ. ವಾರವಾರ ಪುಣೆ, ಬೆಂಗಳೂರು ಎನ್ನುವವರಿಗೆ ಅದು ಸರಿ. ಕರೆಂಟಿನ ಗಾಡಿ ಸದ್ದಿಲ್ಲದ್ದು, ನಾಯಿಗೆ ಎಲ್ಲಕ್ಕಿಂತ ಹಿತ. ಆದರೆ ತೋಟದ ಮನೆಯಲ್ಲಿ ರಾತ್ರಿ ಎಷ್ಟು ತಾಸು ಕರೆಂಟ್ ಇರುತ್ತದೆ ಎಂದು ಮೊದಲು ಎಣಿಸಿ.

ಹತ್ತುವುದು ಇಳಿಯುವುದನ್ನು ಕಡೆಗಣಿಸಬೇಡಿ. ಅವ್ವ ನಿತ್ಯ ಉಡುವ ಇಳಕಲ್ ಸೀರೆಯಲ್ಲೇ ಬರಲಿ, ಅಪ್ಪ ಧೋತರದಲ್ಲೇ ಬರಲಿ. ಯಾರೂ ಕೈ ಕೊಡದೆ ಇಬ್ಬರೂ ಹತ್ತಿ ಇಳಿಯಲಿ. ನಾಯಿಗೂ ಹಾಗೇ: ಎಳೆಯದು ಜಿಗಿಯುತ್ತದೆ, ವಯಸ್ಸಾದ ನಾಯಿ ಡಿಕ್ಕಿಯ ಅಂಚಿನ ಮುಂದೆ ನಿಂತು ನಿಮ್ಮ ಮುಖ ನೋಡುತ್ತದೆ. ಗಾಡಿ ಎಂಟು-ಹತ್ತು ವರ್ಷ ಮನೆಯಲ್ಲಿರುತ್ತದೆ. ಅಷ್ಟರಲ್ಲಿ ನಾಯಿ ಮುದಿಯಾಗುತ್ತದೆ, ಅವ್ವನ ಮೊಣಕಾಲು ಇನ್ನೂ ಸವೆಯುತ್ತದೆ. ಇವತ್ತಿನ ಮೈಗಲ್ಲ, ಆವತ್ತಿನ ಮೈಗೆ ಅಳೆದು ಕೊಳ್ಳಿ.

ಓಟ ಚೆನ್ನಾಗಿದ್ದರೆ ನಾಯಿಯೇ ತೋರಿಸುತ್ತದೆ. ಮೊದಲು ನಿಂತುಕೊಂಡೇ ಇರುತ್ತದೆ, ಆಮೇಲೆ ಕೂರುತ್ತದೆ, ಮೈ ಸಡಿಲಬಿಟ್ಟು ಗದ್ದ ಸೀಟಿಗಿಟ್ಟು ಮಲಗುತ್ತದೆ. ನಡುಗುತ್ತ ಮುದುಡಿದ್ದು ಮಲಗಿದ್ದಲ್ಲ, ಆ ವ್ಯತ್ಯಾಸ ಸಾಕಿದವರಿಗೆ ಗೊತ್ತು. ಅದು ನಿರಾಳವಾಗಿ ಮಲಗಿದ ಗಾಡಿಯಲ್ಲಿ ಅಪ್ಪ ಅವ್ವನೂ ಪುಣೆಯವರೆಗೆ ನಿರಾಳವಾಗಿ ಹೋಗಿಬರುತ್ತಾರೆ.

ಕೊನೆಗೆ ದುಡ್ಡು ಕೊಡುವ ಹೊತ್ತು. ದಸರೆ ಬಂತು, ಕಿತ್ತೂರು ಉತ್ಸವ ಬಂತು, ದೀಪಾವಳಿಗೆ ರಿಯಾಯಿತಿ ಮುಗಿಯುತ್ತದೆ ಎಂದು ಅವಸರ ಮಾಡುತ್ತಾರೆ. ಮುಹೂರ್ತ ಗಾಡಿ ಮನೆಗೆ ತರುವುದಕ್ಕಿರಲಿ, ಆರಿಸುವುದಕ್ಕೆ ಬೇಡ. ಟೆಸ್ಟ್ ಡ್ರೈವ್ ಮಾಡಿಸಿದ ಹುಡುಗನಿಗೆ ಚಹಾ ಕುಡಿಸಿ, ಉಪಕಾರ ನೆನೆಯಿರಿ, ಆದರೆ ಅವನ ಮುಖ ನೋಡಿ ಬುಕ್ ಮಾಡಬೇಡಿ. ಬೇಡ ಎಂದು ಹೇಳಿ ಬರುವುದು ತಪ್ಪೂ ಅಲ್ಲ, ಅವಮಾನವೂ ಅಲ್ಲ. ಮನೆಗೆ ಬಂದು ಎರಡು ದಿನ ಬಿಟ್ಟು, ಎಲ್ಲರೂ ಕೂಡಿ ಕೂತಾಗಲ್ಲ, ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕೇಳಿ. ಅವ್ವನನ್ನು ಅಡಿಗೆಮನೆಯಲ್ಲಿ ಕೇಳಿ, ಅಪ್ಪನನ್ನು ಹೊಲದಲ್ಲಿ ಕೇಳಿ. "ಗಾಡಿ ಹೆಂಗೈತಿ" ಅನ್ನಬೇಡಿ, ಛಲೋ ಐತಿ ಎಂಬ ಉತ್ತರ ಮೊದಲೇ ತಯಾರಿರುತ್ತದೆ. "ಎಲ್ಲಿ ನೋಯಿತು" ಎಂದು ಕೇಳಿ. ಆ ಉತ್ತರ ಕೈಗೆ ಬಂದ ಮೇಲೆ ಚೆಕ್ಕಿಗೆ ಸಹಿ ಹಾಕಿ.